ಅವ್ವನ್ನ ತೊಳೆದ ಕಥೆ

"ಆ ಮನೇಲಿ ಮಗ ಬಿಚ್ತಾನೆ, ಸೊಸೆ ಗುಡಿಸ್ತಾಳೆ, ಮುದುಕಿ ನಗ್ತಾಳೆ."

ಶಿವಶಂಕರನ ಮನೆ ವಿಚಾರ ಬಂದರೆ ಬೀದಿಯವರು ಹೀಗೇ ಅನ್ನುತ್ತಿದ್ದರು. ಸುಳ್ಳೇನಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಹೊಗೆಸೊಪ್ಪಿನ ಹೊಲಗಳ ನಡುವೆ ಒಳಕ್ಕೆ ನಡೆದರೆ ಸಿಗುವ ಆ ಊರಿನಲ್ಲಿ ಶಿವಶಂಕರ ಬಿಚ್ಚದೆ ಉಳಿಸಿದ್ದ ಯಂತ್ರ ಯಾವುದೂ ಇರಲಿಲ್ಲ. ಅವನು ರಿಪೇರಿ ಮಾಡಿದ ರೇಡಿಯೋ ಬರೀ ಮಳೆ ಬರುವ ಸದ್ದನ್ನು ಪ್ರಸಾರ ಮಾಡುತ್ತಿತ್ತು. ಗೋಡೆ ಗಡಿಯಾರ ಹೊತ್ತು ತೋರಿಸುವುದನ್ನು ಬಿಟ್ಟು, ಯಾರಾದರೂ ಬಾಗಿಲು ಹಾಕಿದಾಗ ಮಾತ್ರ ಗಂಟೆ ಹೊಡೆಯುವ ಹೊಸ ವಿದ್ಯೆ ಕಲಿತಿತ್ತು. ಅಷ್ಟಾದ ಮೇಲೂ ಮಿಕ್ಕ ಒಂದು ಹಿಡಿ ಸ್ಕ್ರೂಗಳನ್ನು ಹೆಂಡತಿ ನೀಲಾಂಬಿಕೆ ಕಸದ ಜೊತೆ ಗುಡಿಸಿ ತೆಗೆಯುವಳು. ಅವ್ವ ಸುಂದ್ರಮ್ಮ ಜಗಲಿ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ಭುಜ ಕುಣಿಯುವ ಹಾಗೆ ನಗುವಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಒಂದು ದಿನ ಸುಂದ್ರಮ್ಮ ನಗಲಿಲ್ಲ. ಪಡಸಾಲೆಯಲ್ಲಿ ಗಂಡನ ಫೋಟೊದ ಗಾಜು ಒರೆಸುತ್ತಾ ನಿಂತಿದ್ದವಳು ಪಕ್ಕದ ಗೋಡೆಯನ್ನು ಅಂಗೈಯಲ್ಲಿ ಸವರಿದಳು.

"ಶಿವ, ಇವ್ರ ಪಕ್ಕ ಜಾಗ ಖಾಲಿ ಅದೆ ಕಣ್ಲಾ."

ಫೋಟೊದಲ್ಲಿದ್ದವನು ಚನ್ನಬಸವಣ್ಣ. ಪೇಟ, ಮೀಸೆ, ಮೊಣಕಾಲ ಮೇಲೆ ಕೈ. ಪಿರಿಯಾಪಟ್ಟಣ ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೋ ಇಟ್ಟಿರುವ ಕಾಂತರಾಜುವಿನ ಅಪ್ಪ, ಮೂರು ಕಾಲಿನ ದೊಡ್ಡ ಕ್ಯಾಮೆರಾದಲ್ಲಿ, ಕರಿಬಟ್ಟೆಯೊಳಗೆ ತಲೆ ತೂರಿಸಿ ತೆಗೆದದ್ದು. ಸುಂದ್ರಮ್ಮನದು ಒಂದೂ ಇರಲಿಲ್ಲ. ಯಾರಾದರೂ ಫೋಟೊ ತೆಗೆಯುತ್ತಾರೆ ಅಂದರೆ ಒಲೆ ಮೇಲೆ ಏನೋ ಉಕ್ಕುತ್ತದೆ ಅಂತ ಒಳಗೆ ಓಡಿಹೋಗುವುದೇ ಅವಳ ಜೀವಮಾನದ ಅಭ್ಯಾಸ.

"ಅದಕ್ಕೇನವ್ವ, ಕಾಂತರಾಜುನ್ನ ಕರ್ಸಿ ಒಂದು ಕಲರ್ ಫೋಟೊ ಹೊಡೆಸ್ತೀನಿ."

"ಕಲರ್ರಾ? ಅವ್ರು ಕರಿ-ಬಿಳಿಯಾಗಿ ಕೂತವ್ರೆ. ಪಕ್ಕದಲ್ಲಿ ನಾನು ಬಣ್ಣ ಬಣ್ಣವಾಗಿ ನಿಂತ್ರೆ ನೋಡ್ದೋರು ಏನಂದಾರು? ಗಂಡ ಹೋದ ಮ್ಯಾಲೆ ಮುದುಕಿಗೆ ಬಣ್ಣ ಬಂತು ಅನ್ನಾಕಿಲ್ವಾ? ಅವ್ರಂಗೇ ಇರ್ಬೇಕು. ಅವ್ರಷ್ಟೇ ದೊಡ್ಡದಾಗಿರ್ಬೇಕು. ಚಿಕ್ಕದು ಮಾಡ್ಸಿದ್ರೆ ಮಗಳು ಅಂದ್ಕೋತಾರೆ."

ಶಿವಶಂಕರನ ಎದೆ ಉಬ್ಬಿತು. ಅವನ ಎದೆ ಉಬ್ಬಿದರೆ ನೀಲಾಂಬಿಕೆಯ ಎದೆ ಧಸಕ್ಕೆನ್ನುತ್ತಿತ್ತು.

"ಅವ್ವಾ! ಆ ಹಳೇ ಕ್ಯಾಮೆರಾ ಇನ್ನೂ ಕಾಂತರಾಜು ಅಟ್ಟದ ಮೇಲದೆ. ಅಪ್ಪನ್ನ ಕಂಡಿದ್ದ ಅದೇ ಕಣ್ಣಲ್ಲೇ ನಿನ್ನೂ ಕಾಣ್ಸ್ತೀನಿ. ಯಾವ ಸ್ಟುಡಿಯೋನೂ ಬ್ಯಾಡ, ಯಾವ ಮೈಸೂರೂ ಬ್ಯಾಡ. ನಾನೇ ತೆಗೀತೀನಿ, ನಾನೇ ಮನೇಲಿ ತೊಳೀತೀನಿ!"

ಈ 'ತೊಳೆಯೋದು' ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಆಗ ಆ ಕಡೆ 'ರೀಲ್ ಡೆವಲಪ್ ಮಾಡೋದು' ಅಂತ ಯಾರೂ ಅನ್ನುತ್ತಿರಲಿಲ್ಲ. ಮದುವೆ ಫೋಟೊ ಬಂತಾ ಅಂತ ಕೇಳಿದರೆ "ಇನ್ನೂ ತೊಳೆಸಿಲ್ಲ" ಅನ್ನುವರು. ಮದುಮಗಳನ್ನು ತೊಳೆಸಿದ ಮೇಲೆಯೇ ಅವಳ ಲಕ್ಷಣ ಗೊತ್ತಾಗುವುದು!

ನೀಲಾಂಬಿಕೆ ಕಸಬರಿಕೆ ಹಿಡಿದೇ ಹೊರಗೆ ಬಂದಳು. "ರೀ, ನಿಮ್ಮ ಬನೀನನ್ನೇ ನೀವು ಒಂದಿನ ತೊಳ್ಕೊಂಡೋರಲ್ಲ. ಅತ್ತೇನ ತೊಳೀತೀರಾ?"

"ಇದು ವಿಜ್ಞಾನ ಕಣೇ. ನಿಂಗೆ ಗೊತ್ತಾಗಲ್ಲ."

ಬುದ್ಧಿವಂತರು ಮೊದಲು ಕ್ಯಾಮೆರಾ ತರುತ್ತಾರೆ. ಶಿವಶಂಕರ ಮೊದಲು ಚೌಕಟ್ಟು ತಂದ. ಅಪ್ಪನ ಫೋಟೊದ ಅಳತೆ ಹಿಡಿದು, ಹುಣಸೂರಿನಲ್ಲಿ ಕಟ್ಟು ಹಾಕಿಸಿ, ಹಿಂದುಗಡೆ ಕಪ್ಪು ರಟ್ಟು, ಮುಂದುಗಡೆ ಗಾಜು ಕೂರಿಸಿ, ಅದನ್ನು ಅಪ್ಪನ ಪಕ್ಕ ಮೊಳೆ ಹೊಡೆದು ನೇತುಹಾಕಿಯೂಬಿಟ್ಟ. ಬಂದವರೆಲ್ಲ ಕೇಳುವವರೇ.

"ಇದ್ಯಾರು ಶಿವಣ್ಣ?"

"ನಮ್ಮವ್ವ."

"ಕಾಣ್ತಾನೇ ಇಲ್ವಲ್ಲ?"

"ಇನ್ನೂ ತೊಳೆದಿಲ್ಲ."

ಕಾಂತರಾಜು ಕ್ಯಾಮೆರಾ ಕೊಟ್ಟ, ಔಷಧಿ ಪುಡಿಗಳನ್ನು ಕೊಟ್ಟ. ಅಪ್ಪನ ಕಾಲದ ಪೆಟ್ಟಿಗೆಯಲ್ಲಿ ಉಳಿದಿದ್ದ ನಾಲ್ಕೇ ನಾಲ್ಕು ಫಿಲ್ಮ್ ಹಾಳೆಗಳನ್ನೂ ಕೊಟ್ಟ. ಒಂದೊಂದು ಹಾಳೆ ಚನ್ನಬಸವಣ್ಣನ ಫೋಟೊದಷ್ಟೇ ಅಗಲ. ಜೊತೆಗೆ ಮಂತ್ರೋಪದೇಶವನ್ನೂ ಮಾಡಿದ.

"ಕೇಳ್ಲಾ ಶಿವ. ಪೂರಾ ಕತ್ಲಾಗಿರ್ಬೇಕು. ಮೊದ್ಲು ಚಿತ್ರ ಮೂಡ್ಸೋ ಡೆವಲಪರ್ರು, ಆಮೇಲೆ ಅದನ್ನ ನಿಲ್ಸೋ ಹೈಪೋ. ಮೊದಲು ಮದುವೆ, ಆಮೇಲೆ ಪ್ರಸ್ತ. ಉಲ್ಟಾ ಆದ್ರೆ ಮರ್ಯಾದೆ ಹೋಯ್ತದೆ. ಕೊನೇಲಿ ತಣ್ಣೀರಲ್ಲಿ ಚೆನ್ನಾಗಿ ತೊಳೀಬೇಕು. ತಣ್ಣೀರು ಕಣ್ಲಾ, ಮರೀಬ್ಯಾಡ."

"ಗೊತ್ತು ಬುಡ್ಲಾ!" ಎಂದ ಶಿವಶಂಕರ. ಅವನಿಗೆ ಏನನ್ನು ಹೇಳಿದರೂ ಅದು ಮೊದಲೇ ಗೊತ್ತಿರುತ್ತಿತ್ತು.

ಪೂರಾ ಕತ್ತಲೆಯನ್ನು ಅವನು ಹುಡುಕಬೇಕಾಗಿರಲಿಲ್ಲ. ಹಿತ್ತಲಲ್ಲೇ ಬ್ಯಾರನ್ ಇತ್ತು. ಹೊಗೆಸೊಪ್ಪು ಬೇಯಿಸುವ, ಕಿಟಕಿಯಿಲ್ಲದ, ಎತ್ತರದ ಮಣ್ಣಿನ ಮನೆ. ಬೇಸಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ. ಗಾಳಿಗಂಡಿಗಳಿಗೆ ಗೋಣಿಚೀಲ ತುರುಕಿ, ಬಾಗಿಲಿಗೆ ಕಂಬಳಿ ಕಟ್ಟಿ, ಅಡುಗೆಮನೆಯಿಂದ ಮೂರು ಬೇಸಿನ್ನು ಅಪಹರಿಸಿಕೊಂಡು ಹೋದ. ಹಿಟ್ಟು ಕಲಸೋದೊಂದು, ಅಕ್ಕಿ ತೊಳೆಯೋದೊಂದು, ಕಾಲು ತೊಳೆಯೋದೊಂದು. ಈ ಮೂರನ್ನೂ ನೀಲಾಂಬಿಕೆ ದೂರದಿಂದಲೇ ಬೇರೆ ಬೇರೆ ಗುರುತು ಹಿಡಿಯುವಳು. ಕತ್ತಲಲ್ಲಿ ಶಿವಶಂಕರನಿಗೆ ಮೂರೂ ಅಕ್ಕತಂಗಿಯರು.

ಮೊದಲನೇ ಹಾಳೆಯ ಕಥೆ ಚಿಕ್ಕದು. ಪಕ್ಕದ ಮನೆ ಸಾಕಮ್ಮ ಬಂದು, "ಅದೇನಪ್ಪ ಅದು ಫಿಲಂಮು ಅಂದ್ರೆ? ನಾನೂ ಒಸಿ ನೋಡಾನ" ಅಂದಳು. ಶಿವಶಂಕರ ಹೆಮ್ಮೆಯಿಂದ ಬ್ಯಾರನ್ನಿನ ಕತ್ತಲಲ್ಲಿ ಪೆಟ್ಟಿಗೆ ತೆರೆದು ಒಂದು ಹಾಳೆ ತಂದು, ಅಂಗಳದ ಬಿಸಿಲಿನಲ್ಲಿ ಎತ್ತಿ ಹಿಡಿದು, "ಇದೇ ನೋಡಿ ಫಿಲ್ಮು! ಒಂದು ಮಿಣುಕು ಬೆಳಕು ಬಿದ್ರೂ ಹಾಳಾಗೋಯ್ತದೆ!" ಅಂತ ವಿವರಿಸಿದ. ಅದು ಹಾಳಾಯಿತು.

ಎರಡನೆಯದಕ್ಕೆ ಸುಂದ್ರಮ್ಮನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ. ಬೆಳ್ಳನೆ ಸೀರೆ, ಹಣೆ ತುಂಬ ವಿಭೂತಿ. ಕರಿಬಟ್ಟೆಯೊಳಗೆ ತಲೆ ಹಾಕಿ ನೋಡಿದವನು ಸಂತೋಷದಲ್ಲಿ ಕೂಗಿದ: "ಅವ್ವಾ, ಬಲು ಚೆಂದಾಗಿ ತಲೆಕೆಳಗಾಗಿ ಕಾಣ್ತಾ ಇದೀಯ!"

ಸುಂದ್ರಮ್ಮ ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಥೂ ನಿನ್ನ! ಹೆತ್ತವ್ವನ್ನ ಯಾರಾರೂ ತಲೆಕೆಳಗೆ ಮಾಡಾರಾ? ನೀಲಾ, ಸೀರೆ ಹಿಡ್ಕೋ ಬಾರವ್ವ!"

"ಕ್ಯಾಮೆರಾ ಒಳಗೆ ಮಾತ್ರ ಕಣವ್ವ. ಅಲುಗಾಡಬ್ಯಾಡ. ಅಲುಗಾಡಬ್ಯಾಡ ಅಂದೆ. ಉಸಿರು ಹಿಡಿ."

"ಉಸಿರು ಹಿಡಿಯೋ ಕಾಲ ಬತ್ತದೆ, ಇರ್ಲಾ. ಅವಸರ ಯಾಕೆ?"

ಹೇಗೋ ತೆಗೆದ. ಬ್ಯಾರನ್ನಿಗೆ ಹೋಗಿ, ಬಾಗಿಲು ಹಾಕಿ, ಕತ್ತಲಲ್ಲಿ ಹಾಳೆಯನ್ನು ಮೊದಲು ಕಾಲು ತೊಳೆಯೋ ಬೇಸಿನ್ನಿಗೆ ಹಾಕಿದ. ಅದರಲ್ಲಿ ಹೈಪೋ ಇತ್ತು. ಮದುವೆಗೆ ಮುಂಚೆ ಪ್ರಸ್ತವಾಯಿತು! ಹೊರಗೆ ತಂದು ನೋಡಿದರೆ ಗಾಜಿನಂಥ ಖಾಲಿ ಹಾಳೆ.

ನೀಲಾಂಬಿಕೆ ಅದನ್ನು ಕಣ್ಣಿಗೆ ಹಿಡಿದು ನೋಡಿದಳು. "ಅತ್ತೆ ಕಾಣ್ತಾ ಇಲ್ಲ ಕಣ್ರೀ. ಅತ್ತೆ ಹಿಂದಿದ್ದ ಗೋಡೆನೂ ಕಾಣ್ತಾ ಇಲ್ಲ. ಎದುರಿಗಿರೋ ನೀವು ಮಾತ್ರ ಕಾಣ್ತಾ ಇದೀರ."

ಸುಂದ್ರಮ್ಮನ ಭುಜ ಕುಣಿಯಿತು.

ಮೂರನೆಯದಕ್ಕೆ ಬೇಸಿನ್ನುಗಳಿಗೆ ಹುರಿ ಕಟ್ಟಿ ಗುರುತು ಮಾಡಿಕೊಂಡ. ಈಗ ಹೊತ್ತಿನ ಸಮಸ್ಯೆ. ಹಾಳೆ ಔಷಧಿಯಲ್ಲಿ ಇಷ್ಟು ಹೊತ್ತು ಅಂತ ಇರಬೇಕು, ಕತ್ತಲಲ್ಲಿ ಕೈಗಡಿಯಾರ ಕಾಣುವುದಿಲ್ಲ, ಗೋಡೆ ಗಡಿಯಾರದ ವಿಚಾರ ಮೊದಲೇ ಹೇಳಿದೆ. ಆಗ ಅವನ ತಲೆಗೆ ಒಂದು ಮಹಾ ಉಪಾಯ ಹೊಳೆಯಿತು. ಸುಂದ್ರಮ್ಮ ಕಥೆ ಹೇಳುವುದರಲ್ಲಿ ಊರಿಗೇ ಹೆಸರಾದವಳು. ಅವಳ 'ಕುರುಡು ರಾಜ, ಕುಂಬಳಕಾಯಿ' ಕಥೆ ಶುರುವಿನಿಂದ ಕುಂಬಳಕಾಯಿ ಒಡೆಯುವವರೆಗೆ ಸರಿಯಾಗಿ ಬೇಕಾದಷ್ಟೇ ಹೊತ್ತು ಹಿಡಿಯುತ್ತಿತ್ತು. ಅಳೆದು ನೋಡಿದ. ಸರಿಹೋಯಿತು!

"ಅವ್ವಾ, ನೀನು ಬ್ಯಾರನ್ ಬಾಗಿಲಲ್ಲಿ ಕೂತು ಕಥೆ ಹೇಳು. ಕುಂಬಳಕಾಯಿ ಒಡೀತಿದ್ದಂಗೆ ನಾನು ಹಾಳೆ ಎತ್ತುತೀನಿ."

"ಹೂಂಗುಟ್ಟೋರು ಯಾರು?"

"ಯಾಕೆ?"

"ಹೂಂ ಅನ್ನೋರಿಲ್ದೆ ಕಥೆ ಹೇಳಾಕೆ ನಾನೇನು ನಿನ್ನ ರೇಡಿಯೋನಾ?"

ಹೂಂಗುಟ್ಟಲು ಸಾಕಮ್ಮ ನೇಮಕವಾದಳು. ಒಳಗೆ ಶಿವಶಂಕರ ಹಾಳೆಯನ್ನು ಔಷಧಿಗೆ ಬಿಟ್ಟ. ಹೊರಗೆ ಕಥೆ ಹೊರಟಿತು.

"ಒಂದೂರಲ್ಲಿ ಒಬ್ಬ ಕುರುಡು ರಾಜ."

"ಹೂಂ."

"ಅವ್ನಿಗೆ ಕಣ್ಣಿಲ್ದಿದ್ರೂ ಕುಂಬಳಕಾಯಿ ಕಂಡ್ರೆ ಆಸೆ."

"ಹೂಂ. ಅಲ್ಲಾ ಸುಂದ್ರಮ್ಮ, ರಾಜನಿಗೆ ಹೆಂಡ್ತಿ ಇರ್ಲಿಲ್ವಾ?"

ಕತ್ತಲಲ್ಲಿ ಶಿವಶಂಕರ ಕಿವಿ ನಿಮಿರಿಸಿದ. ಆ ಕಥೆಯಲ್ಲಿ ಹೆಂಡತಿಯೇ ಇಲ್ಲ! ಆದರೆ ಕೇಳುವವರು ಕೇಳಿದ ಮೇಲೆ ಇಲ್ಲ ಅನ್ನುವ ಬಡತನ ಸುಂದ್ರಮ್ಮನ ಬಾಯಿಗೆ ಯಾವತ್ತೂ ಬಂದಿರಲಿಲ್ಲ.

"ಇದ್ಲು ಕಣವ್ವ! ಚೆಲುವೆ. ಪಿರಿಯಾಪಟ್ಣದ ಕಡೆಯೋಳು."

"ಹೂಂ! ಅತ್ತೆ ಕಾಟ ಇತ್ತಾ?"

"ಇಲ್ದೆ ಏನು!"

ರಾಣಿ ಬಂದಳು. ರಾಣಿಯ ಅತ್ತೆ ಬಂದಳು. ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು, ಅವರಿಗೆ ಒಬ್ಬೊಬ್ಬ ಗಂಡ, ಗಂಡಂದಿರಿಗೆ ಒಂದು ಜಗಳ. "ಅವ್ವಾ, ಕುಂಬಳಕಾಯಿ! ಕುಂಬಳಕಾಯಿ ಒಡಿಯವ್ವಾ!" ಅಂತ ಒಳಗಿನಿಂದ ಶಿವಶಂಕರ ಬಡಿದುಕೊಂಡ. "ಸುಮ್ಕಿರ್ಲಾ, ಈಗ ರಾಣಿ ಬಸ್ರಿ!" ಅಂತ ಹೊರಗಿನಿಂದ ಗದರಿಕೆ ಬಂತು.

ಎಲ್ಲಿ ಎತ್ತಬೇಕು ಅನ್ನುವುದೇ ತಿಳಿಯದೆ, ಹಳೇ ಸೊಪ್ಪಿನ ಧೂಳಿಗೆ ಸೀನುತ್ತಾ ಅವನು ಕುಂಬಳಕಾಯಿ ಒಡೆಯುವವರೆಗೂ ಕಾದ. ಹಾಳೆ ಇದ್ದಿಲಾಗಿತ್ತು.

"ಅವ್ವಾ!"

"ನನ್ನೇನಂತೀಯ? ಅವ್ಳು ಕೇಳಿದ್ಲು, ನಾ ಹೇಳ್ದೆ."

ಉಳಿದದ್ದು ಒಂದೇ ಹಾಳೆ. ಅವತ್ತು ಸಾಕಮ್ಮನನ್ನು ಹತ್ತಿರ ಸೇರಿಸಲಿಲ್ಲ. ಸುಂದ್ರಮ್ಮ ಕುರ್ಚಿಯಲ್ಲಿ ಕೂತು, ಈ ಸಲ ನೆರಿಗೆ ಹಿಡಿದುಕೊಳ್ಳದೆ, ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡಳು. ಗಂಡ ಇಟ್ಟುಕೊಂಡಿದ್ದ ಹಾಗೆಯೇ. ಒಂದು ಕೋಳಿ ಕಾಲಿನ ಹತ್ತಿರವೇ ಹಾದುಹೋದರೂ ಉಶ್ ಅನ್ನಲಿಲ್ಲ.

ಬ್ಯಾರನ್ನೊಳಗೆ ಕತ್ತಲು. ಬಾಗಿಲಾಚೆ ಅವ್ವ.

"ಹೂಂಗುಟ್ಟೋರಿಲ್ವಲ್ಲೋ?"

"ನಾನೇ ಅಂತೀನಿ, ಹೇಳವ್ವ."

"ಒಂದೂರಲ್ಲಿ ಒಬ್ಬ ಕುರುಡು ರಾಜ."

"ಹೂಂ."

ಹಾಳೆಯನ್ನು ಔಷಧಿಯಲ್ಲಿ ಮೆಲ್ಲಗೆ ಆಡಿಸುತ್ತಾ ಶಿವಶಂಕರ ಹೂಂ ಅನ್ನುತ್ತಾ ಹೋದ. ಎಷ್ಟೋ ವರ್ಷದಿಂದ ಅವನು ಅವ್ವನ ಕಥೆಗೆ ಹೂಂ ಅಂದಿರಲಿಲ್ಲ. ಚಿಕ್ಕವನಿದ್ದಾಗ ಇದೇ ಬ್ಯಾರನ್ನಿಗೆ ಬೆಂಕಿ ಹಾಕಿ ಕಾಯುತ್ತಿದ್ದ ದಿನಗಳಲ್ಲಿ ಅವಳ ತೊಡೆ ಮೇಲೆ ತಲೆಯಿಟ್ಟು ಅನ್ನುತ್ತಿದ್ದ. ಆಮೇಲೆ ರೇಡಿಯೋ ಬಿಚ್ಚುವುದು ಬಂತು, ಕಥೆ ಮರೆತುಹೋಯಿತು. ಈಗ ಕತ್ತಲಲ್ಲಿ ಅವಳ ದನಿ ಮಾತ್ರ ಇತ್ತು. ರಾಣಿ ಬರಲಿಲ್ಲ. ಅತ್ತೆ ಬರಲಿಲ್ಲ. ಅಳತೆಗೆ ಸರಿಯಾಗಿ ಕುಂಬಳಕಾಯಿ ಒಡೆಯಿತು. ಹಾಳೆ ಎತ್ತಿದ. ಹುರಿ ತಡವಿ ನೋಡಿ ಹೈಪೋಗೆ ಬಿಟ್ಟ.

ಬಾಗಿಲು ತೆಗೆದು, ನೀರು ತೊಟ್ಟಿಕ್ಕುವ ಹಾಳೆಯನ್ನು ಆಕಾಶಕ್ಕೆ ಹಿಡಿದ. ಬಂದಿತ್ತು! ಅವ್ವ ಬಂದಿದ್ದಳು! ಹುಬ್ಬಿನ ಒಂದೊಂದು ಕೂದಲೂ ಬಂದಿತ್ತು. ಆದರೆ ಅದು ನೆಗೆಟಿವ್. ಬಿಳಿ ಇದ್ದದ್ದೆಲ್ಲ ಕಪ್ಪು, ಕಪ್ಪಿದ್ದದ್ದೆಲ್ಲ ಬಿಳಿ.

ಸುಂದ್ರಮ್ಮ ಇಣುಕಿದಳು.

"ನೀಲಾ," ಅಂದಳು, "ನೋಡಿಲ್ಲಿ. ನನ್ ಕೂದ್ಲು ಕಪ್ಪಗವೆ."

ಬಿಸಿಲಿಗೆ ಕಂದಿದ ಮುಖ ಬೆಳ್ಳಗೆ ಬೆಳಗುತ್ತಿತ್ತು. ಬೆಳ್ಳನೆ ಸೀರೆ ಕಡುಬಣ್ಣದ ಮದುವೆ ಸೀರೆಯ ಹಾಗೆ ಕಾಣುತ್ತಿತ್ತು. ಹಣೆಯ ವಿಭೂತಿ ಇದ್ದ ಜಾಗದಲ್ಲಿ ಗಾಢವಾಗಿ, ತುಂಬಿ, ಕುಂಕುಮದ ಹಾಗೆ ಒಂದು ಗುರುತು.

"ನೋಡವ್ವ, ಹಣೆ ನೋಡು," ಅಂದಳು ಸುಂದ್ರಮ್ಮ. ಅವಳ ಭುಜ ಕುಣಿಯಲಿಲ್ಲ. "ಅವ್ರು ನನ್ನ ಕರ್ಕೊಂಡು ಬಂದಾಗ ಇಂಗೇ ಇದ್ದೆ ಕಣೆ. ಒಂದ್ಸಲ ತೊಳೆದಿದ್ದಕ್ಕೇ ಎಲ್ಲಾ ವಾಪಸ್ ಬಂದ್ಬುಡ್ತಲ್ಲ! ಶಿವ, ಇದನ್ನೇ ಹಾಕು ಕಣ್ಲಾ ಚೌಕಟ್ಟಿಗೆ."

ನೀಲಾಂಬಿಕೆ ಗಂಡನ ಮುಖ ನೋಡಿದಳು. ಹಾಕಿಬಿಡಿ ಅಂತ ಕಣ್ಣಲ್ಲೇ ಹೇಳಿದಳು.

ಅಲ್ಲಿಗೇ ನಿಲ್ಲಿಸಿದ್ದರೆ! ಆದರೆ ಇರುವುದನ್ನು ಇದ್ದಹಾಗೆ ಬಿಟ್ಟರೆ ಅವನು ಶಿವಶಂಕರ ಹೇಗಾದಾನು?

"ಅಯ್ಯೋ ಅವ್ವಾ, ಇದು ಉಲ್ಟಾ! ಇನ್ನೂ ಚೆನ್ನಾಗಿ ತೊಳೆದು, ಒಣಗಿಸಿ, ಪೇಪರ್ ಮೇಲೆ ಪ್ರಿಂಟ್ ಹಾಕಿದ್ರೆ ನಿನ್ನ ನಿಜವಾದ ಮುಖ ಬತ್ತದೆ."

"ನಿಜವಾದ ಮುಖ ಕನ್ನಡೀಲಿ ದಿನಾ ಬತ್ತದೆ. ಅದಕ್ಯಾಕೆ ನಿನ್ನ ಔಷ್ದಿ, ನಿನ್ನ ಕತ್ಲು? ಇದೇ ಇರ್ಲಿ ಕಣ್ಲಾ ಮಗ."

"ಜನ ನಗ್ತಾರೆ ಅವ್ವ. ಫೋಟೊ ತೆಗೆಯಕ್ಕೇ ಬರಲ್ಲ ಅಂತಾರೆ ನಂಗೆ."

ಸುಂದ್ರಮ್ಮ ಜಗಲಿಗೆ ಹೋಗಿ ಕೂತಳು. ಮಗನ ಮರ್ಯಾದೆಯ ಪ್ರಶ್ನೆ ಬಂದ ಮೇಲೆ ಅವಳು ಯಾವತ್ತೂ ವಾದ ಮಾಡಿದವಳಲ್ಲ.

ಶಿವಶಂಕರ ಹಾಳೆಯನ್ನು ಅಕ್ಕಿ ತೊಳೆಯೋ ಬೇಸಿನ್ನಿನ ನೀರಿಗೆ ಬಿಟ್ಟ. ಪ್ರಿಂಟಿನ ಪೇಪರ್ ತರಲು ಪಿರಿಯಾಪಟ್ಟಣಕ್ಕೆ ಹೋಗಬೇಕಿತ್ತು. ಟಿವಿಎಸ್ ತುಳಿಯುತ್ತಲೇ ಕೂಗಿದ:

"ನೀಲಾ! ಅವ್ವ ಬೇಸಿನ್ನಲ್ಲವ್ಳೆ. ನಾ ಬರೋಗಂಟ ನೀರು ಬದಲಾಯಿಸ್ತಾ ಚೆನ್ನಾಗಿ ತೊಳಿ!"

ತಣ್ಣೀರಲ್ಲಿ ಅಂತ ಹೇಳಲಿಲ್ಲ. ವಿಜ್ಞಾನದ ವಿಚಾರ ಅವಳಿಗ್ಯಾಕೆ ಅಂದುಕೊಂಡ.

ಪೇಪರ್ ಡಬ್ಬಿಯನ್ನು ಎದೆಗವಚಿಕೊಂಡು ವಾಪಸ್ಸು ಬಂದಾಗ ಬಚ್ಚಲಿನಿಂದ ಹೊಗೆ ಏಳುತ್ತಿತ್ತು. ನೀಲಾಂಬಿಕೆ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕೆಂಪಗಿತ್ತು. ಅವಳ ಕೈಯಲ್ಲಿ ಗಾಜಿನಂಥ ಒಂದು ಖಾಲಿ ಹಾಳೆ ಇತ್ತು.

"ಅವ್ವ ಎಲ್ಲಿ?" ಅಂದ ಶಿವಶಂಕರ.

"ಹೋದ್ರು ಕಣ್ರೀ."

"ಎಲ್ಲಿಗೆ?"

ಅವಳು ಬಚ್ಚಲ ತೂಬಿನ ಕಡೆ ಕೈ ತೋರಿಸಿದಳು. ಆ ನೀರು ಹಿತ್ತಲ ಬಾಳೆ ಬುಡಕ್ಕೆ ಹೋಗುತ್ತಿತ್ತು.

"ಏನ್ ಮಾಡ್ದೆ?"

"ನೀವು ಹೇಳಿದ್ದೇ ಮಾಡ್ದೆ. ಚೆನ್ನಾಗಿ ತೊಳಿ ಅಂದ್ರಿ. ಈ ಮನೆಗೆ ಬಂದಾಗಿಂದ ನಾನು ಅತ್ತೆಗೆ ಯಾವತ್ತು ತಣ್ಣೀರು ಹುಯ್ದಿದೀನಿ ಹೇಳಿ? ಹಂಡೆ ಒಲೆ ಹಾಕ್ದೆ. ನೀರು ಹದವಾಗಿ ಬೆರೆಸ್ದೆ. ಮೊಣಕೈ ಅದ್ದಿ ನೋಡ್ಕೊಂಡು, ನಿಧಾನಕ್ಕೆ ಹುಯ್ದೆ ಕಣ್ರೀ. ಮೊದ್ಲು ಕೂದ್ಲು ಬಿಟ್ಕೊಂತು. ಏನೋ ಕೊಳೆ ಬಿಡ್ತಾ ಅದೆ ಅಂದ್ಕೊಂಡೆ. ನೋಡ್ ನೋಡ್ತಿದ್ದಂಗೆ ಇಡೀ ಅತ್ತೆ ಹಾಲಿನ ಕೆನೆ ಥರ ಎದ್ದು, ಮಡಚ್ಕೊಂಡು, ತೇಲ್ಕೊಂಡು..."

ಶಿವಶಂಕರ ಕೂಗಾಡಿದ. ಬುದ್ಧಿಯಿಲ್ಲವೆ, ತಲೆಯಿಲ್ಲವೆ, ಬಿಸಿನೀರು ಹುಯ್ಯೋಕೆ ಅದೇನು ಬಾಣಂತಿಯೇ ಅಂದ. ಜಗಲಿ ಮೇಲಿದ್ದ ಸುಂದ್ರಮ್ಮ ಅಷ್ಟನ್ನೂ ಕೇಳಿಸಿಕೊಂಡು ಎದ್ದು ಬಂದಳು.

"ನೀ ಅವ್ಳಿಗೆ ತಣ್ಣೀರು ಅಂದ್ಯಾ?"

ಶಿವಶಂಕರ ಪೇಪರ್ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಅಂದ್ಯಾ?"

"ಇಲ್ಲ."

"ಮತ್ತೆ? ಅವ್ಳು ನನ್ನ ಚಳೀಲಿ ಬುಡಾಕಿಲ್ಲ ಅಂತ ನಂಗೆ ಗೊತ್ತು. ನಿಂಗೆ ಗೊತ್ತಿಲ್ವಾ?" ಸೊಸೆಯ ಕೈಯಿಂದ ಆ ಖಾಲಿ ಹಾಳೆ ತಗೊಂಡು ತಿರುಗಿಸಿ ನೋಡಿದಳು. ಆಮೇಲೆ ಅವಳ ಭುಜ ಮೆಲ್ಲಗೆ ಕುಣಿಯತೊಡಗಿತು. "ಬುಡು, ಬಾಳೆ ಗಿಡಕ್ಕೋದೆ. ಈ ಸಲ ಗೊನೆ ಬುಟ್ರೆ ಅದ್ರಲ್ಲಿ ನನ್ ಮೊಕಾನೇ ಇರ್ತದೆ. ಅದನ್ನೇ ನೇತಾಕ್ಕೊ."

ಶಿವಶಂಕರ ಶಪಥ ಮಾಡಿದ. ಬೆಂಗಳೂರಿಂದಾದರೂ ಸರಿ, ಹೊಸ ಫಿಲ್ಮು ತರಿಸಿಯೇ ತೀರುತ್ತೇನೆ ಅಂದ. ಕಾಂತರಾಜು ಯಾರ ಯಾರ ಕೈಲೋ ಹೇಳಿ ಕಳಿಸಿ, ಮಳೆ ಹಿಡಿದ ಮೇಲೆ ಒಂದು ಹೊಸ ಪೆಟ್ಟಿಗೆ ತರಿಸಿಕೊಟ್ಟ. ಅದನ್ನು ಯಾರೂ ತೆಗೆಯದ, ಬೆಳಕು ಬೀಳದ, ಅತಿ ಭದ್ರವಾದ ಜಾಗದಲ್ಲಿ ಇಡಬೇಕಿತ್ತು. ಶಿವಶಂಕರ ಯಾರಿಗೂ ಹೇಳದೆ, ಏಣಿ ಹತ್ತಿ, ಬ್ಯಾರನ್ನಿನ ತುತ್ತತುದಿಯ ಅಡ್ಡಗಳುವಿನ ಸಂದಿಯಲ್ಲಿಟ್ಟ. ಸೊಪ್ಪು ಮುರಿಯುವ ಕಾಲ ಬಂತು. ಆಳುಗಳು ಕಡ್ಡಿಗಳಿಗೆ ಸೊಪ್ಪು ಕಟ್ಟಿ ಬ್ಯಾರನ್ನಿಗೆ ತುಂಬಿದರು, ಅವನೇ ನಿಂತು ಬೆಂಕಿ ಹಾಕಿಸಿದ. ಮೂರನೇ ದಿನ ಊಟಕ್ಕೆ ಕೂತವನು ತುತ್ತು ಬಾಯಿಗಿಡುವಾಗ ನೆನಪಾಗಿ ಹಾಗೇ ಎದ್ದು ಓಡಿದ. ಫಿಲ್ಮು ಸೊಪ್ಪಿನ ಜೊತೆ ಬಂಗಾರದ ಬಣ್ಣಕ್ಕೆ ಹದವಾಗಿ ಬೆಂದಿತ್ತು.

"ಹರಾಜಲ್ಲಿ ಒಳ್ಳೆ ಗ್ರೇಡ್ ಸಿಗ್ತದೆ," ಎಂದಳು ನೀಲಾಂಬಿಕೆ.

"ಸೊಪ್ಪು ಮುಗೀಲಿ ಅವ್ವ, ಇನ್ನೊಂದು ಪೆಟ್ಗೆ ತರಿಸ್ತೀನಿ."

"ಆಗ್ಲಿ ಕಣಪ್ಪ."

"ಬೇಕಾದ್ರೆ ಸದ್ಯಕ್ಕೆ ಒಂದು ಕಲರ್..."

"ಬ್ಯಾಡ."

ಅಷ್ಟು ಹೊತ್ತಿಗೆ ಸುಂದ್ರಮ್ಮ ತನ್ನದೇ ಒಂದು ಏರ್ಪಾಡು ಮಾಡಿಕೊಂಡಿದ್ದಳು. ಹಿಂದೆ ಕಪ್ಪು ರಟ್ಟು, ಮುಂದೆ ಗಾಜು ಇದ್ದ ಆ ಖಾಲಿ ಚೌಕಟ್ಟು ಗಂಡನ ಪಕ್ಕದಲ್ಲೇ ನೇತಾಡುತ್ತಿತ್ತಲ್ಲ. ಬೆಳಿಗ್ಗೆ ಮಿಂದು ಬಂದು ಅದರ ಮುಂದೆ ನಿಂತರೆ ಕಪ್ಪು ಗಾಜಿನೊಳಗೆ ಅವಳ ಮುಖ ಮೂಡುತ್ತಿತ್ತು. ಬಣ್ಣವೆಲ್ಲ ಇಳಿದು, ಬರೀ ಕರಿ-ಬಿಳಿ. ಅವಳು ಅದನ್ನೇ ನೋಡಿಕೊಂಡು ವಿಭೂತಿ ಇಟ್ಟುಕೊಳ್ಳುವಳು. ಇಟ್ಟುಕೊಂಡು, ಒಂದು ಗಳಿಗೆ ಕೈಯನ್ನು ಮುಂದಕ್ಕೆ ಕಟ್ಟಿ, ಅಲುಗಾಡದೆ ನಿಲ್ಲುವಳು. ಆಮೇಲೆ ದನ ನೋಡಲು ಹೋಗುವಳು.

ಒಂದು ದಿನ ಇದನ್ನು ಕಂಡು ಸಾಕಮ್ಮ ಕೇಳಿದಳು. "ಏನ್ ಸುಂದ್ರಮ್ಮ, ಅಲ್ಲೇನು ನೋಡ್ತೀಯ ದಿನಾ?"

"ನನ್ನ ಫೋಟ ಕಣೆ. ನನ್ ಮಗ ಮಾಡಿದ್ದು. ನಾ ಬಂದ್ರೆ ಬತ್ತದೆ, ನಾ ಹೋದ್ರೆ ಹೋಯ್ತದೆ. ಇಂಥದ್ದು ಯಾವ ಸ್ಟುಡಿಯೋದೋನು ಮಾಡ್ತಾನೆ ಹೇಳು?"

ಬಾಗಿಲ ಹಿಂದೆ ಮಿಕ್ಸಿ ಬಿಚ್ಚುತ್ತಾ ಕೂತಿದ್ದ ಶಿವಶಂಕರನ ಕೈಯಿಂದ ಸ್ಕ್ರೂ ಜಾರಿ ಬಿತ್ತು. ಅವನು ಹುಡುಕಲಿಲ್ಲ.

ಸೊಪ್ಪು ಇನ್ನೂ ಮುಗಿದಿರಲಿಲ್ಲ. ಕಾರ್ತಿಕದ ಒಂದು ಬೆಳಿಗ್ಗೆ, ನೀಲಾಂಬಿಕೆ ಹುಯ್ದ ಬಿಸಿನೀರು ಮಿಂದು, ಚೌಕಟ್ಟಿನ ಮುಂದೆ ವಿಭೂತಿ ಇಟ್ಟುಕೊಂಡು, "ಒಸಿ ಕೂರ್ತೀನಿ ಕಣವ್ವ" ಅಂತ ಗೋಡೆಗೆ ಒರಗಿ ಕೂತ ಸುಂದ್ರಮ್ಮ ಮತ್ತೆ ಏಳಲಿಲ್ಲ. ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿ ಆರಿಸಲು ಹೇಳಿ ಶಿವಶಂಕರ ಒಳಗೆ ಬಂದು, ಏನು ಮಾಡಬೇಕೋ ತಿಳಿಯದೆ, ಗೋಡೆ ಗಡಿಯಾರದ ಹಿಂಬದಿ ಬಿಚ್ಚಲು ಶುರುಮಾಡಿದ. ನೀಲಾಂಬಿಕೆ ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದಿಟ್ಟಳು.

ತೀರಿಕೊಂಡವರನ್ನು ಕೂರಿಸಿಯೇ ಕಳಿಸುವ ಅವರ ಪದ್ಧತಿಯಂತೆ ಕೂರಿಸಿದರು. ಹೂವಿನ ಮಂಟಪದಲ್ಲಿ, ಬೆಳ್ಳನೆ ಸೀರೆಯುಡಿಸಿ, ಹಣೆ ತುಂಬ ವಿಭೂತಿ ಇಟ್ಟು, ಪಡಸಾಲೆ ನಡುವೆ. ಎರಡೂ ಕೈ ಮೊಣಕಾಲ ಮೇಲೆ. ಕಾಂತರಾಜು ಬಂದಿದ್ದ. ಹೆಗಲಲ್ಲಿ ಕ್ಯಾಮೆರಾ ಚೀಲವಿತ್ತು.

"ಒಂದು ತೆಗೀಲೇನ್ಲಾ?" ಅಂದ ಮೆಲ್ಲಗೆ. "ಕಲರ್ ಅದೆ ಅಷ್ಟೆ."

"ಬ್ಯಾಡ ಕಣ್ಲಾ. ಬಣ್ಣ ಬ್ಯಾಡ ಅಂದಿದ್ಲು."

ಕಾಂತರಾಜು ಚೀಲವನ್ನು ಜಗಲಿ ಮೇಲಿಟ್ಟು ಬಂದು ಮಂಟಪದ ಒಂದು ಬಿದಿರಿಗೆ ಕೈ ಕೊಟ್ಟ.

ಸಾಕಮ್ಮ ಮುಂದೆ ಕೂತು ಎದೆ ಬಡಿದುಕೊಂಡು ರಾಗವಾಗಿ ಅಳುತ್ತಿದ್ದಳು. "ಅಯ್ಯೋ ನನ್ನವ್ವಾ ಸುಂದ್ರಮ್ಮಾ... ಅವತ್ತು ಮಗ ಅಲುಗಾಡಬ್ಯಾಡ ಅಲುಗಾಡಬ್ಯಾಡ ಅಂದ್ರೆ ಕೇಳ್ನಿಲ್ಲ... ಇವತ್ತು ಯಾರೂ ಹೇಳ್ದಿದ್ರೂ ಇಂಗೆ ಕೂತ್ಬುಟ್ಟೆಯಲ್ಲವ್ವಾ..."

ಅಳುತ್ತಿದ್ದವರಲ್ಲಿ ಒಬ್ಬಿಬ್ಬರಿಗೆ ನಗು ಬಂತು. ನೀಲಾಂಬಿಕೆಗೂ ಬಂತು. ಅವಳು ಸೆರಗು ಬಾಯಿಗಿಟ್ಟುಕೊಂಡಳು, ಭುಜ ಕುಣಿಯಿತು. ಥೇಟು ಅತ್ತೆಯ ಹಾಗೆ. ಅಳುವೋ ನಗುವೋ ಶಿವಶಂಕರನಿಗೆ ತಿಳಿಯಲಿಲ್ಲ.

ಅವನು ಗೋಡೆ ಕಡೆ ನೋಡಿದ. ಅಪ್ಪ ಪೇಟ ಸುತ್ತಿಕೊಂಡು ಕೂತಿದ್ದ. ಪಕ್ಕದ ಚೌಕಟ್ಟಿನಲ್ಲಿ ಅವ್ವ ಕೂತಿದ್ದಳು. ಕಪ್ಪು ಗಾಜಿನೊಳಗೆ ಹೂವಿನ ಬಣ್ಣವೆಲ್ಲ ಇಳಿದುಹೋಗಿತ್ತು. ಮೊಣಕಾಲ ಮೇಲೆ ಕೈ, ನೇರವಾದ ಬೆನ್ನು. ಅಪ್ಪನ ಹಾಗೆಯೇ ಕರಿ-ಬಿಳಿ. ಎಷ್ಟು ಬೇಕೋ ಅಷ್ಟೇ ಬೆಳಕು. ಇಂಥ ಫೋಟೊ ಅವನ ಕೈಯಲ್ಲಿ ಯಾವತ್ತೂ ಬಂದಿರಲಿಲ್ಲ.

"ಎತ್ತಾಣ್ವಾ ಶಿವ?" ಅಂದ ಕಾಂತರಾಜು.

ಶಿವಶಂಕರ ಚೌಕಟ್ಟಿನಿಂದ ಕಣ್ಣು ತೆಗೆಯಲಿಲ್ಲ.

"ಹೊತ್ತಾಯ್ತದೆ ಕಣಪ್ಪ," ಎಂದರು ಯಾರೋ ಹಿರಿಯರು.

ಬಿದಿರಿಗೆ ಕೈ ಕೊಟ್ಟವರೆಲ್ಲ ಕಾಯುತ್ತಿದ್ದರು. ಸಾಕಮ್ಮನೂ ರಾಗ ನಿಲ್ಲಿಸಿದಳು. ಚೌಕಟ್ಟಿನಲ್ಲಿ ಅವ್ವ ಅಲುಗಾಡದೆ ಕೂತೇ ಇದ್ದಳು. ಇವನು ಹೇಳುವವರೆಗೂ ಕೂತಿರುತ್ತಾಳೆ. ಎಷ್ಟು ಹೊತ್ತು ಬೇಕಾದರೂ ಕೂತಿರುತ್ತಾಳೆ. ಇರುವುದನ್ನು ಇದ್ದಹಾಗೆ ಬಿಡಬೇಕು ಅಂತ ಅವನಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

"ಶಿವ?"

"ಹೂಂ," ಅಂದ.

ಮಂಟಪ ಎದ್ದಿತು. ಸುಂದ್ರಮ್ಮ ಚೌಕಟ್ಟಿನಿಂದ ಮೆಲ್ಲಗೆ ಜಾರಿ, ಹೊಸ್ತಿಲು ದಾಟಿ, ಬಿಸಿಲಿಗೆ ಹೊರಟಳು.